ಪೀಣ್ಯದ ಶೆಡ್ಡಿಗೆ ಹೊರಗಿನಿಂದ ಬರುವ ಲೆಕ್ಕ

2021ರ ಡಿಸೆಂಬರ್ 25ರಂದು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ತುಮಕೂರು ರಸ್ತೆಯ ಮೇಲ್ಸೇತುವೆ ಮುಚ್ಚಿತು. ಎರಡು ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡಿತ್ತು. 2022ರ ಫೆಬ್ರವರಿಯಲ್ಲಿ ಕಾರು, ಬೈಕುಗಳಿಗೆ ದಾರಿ ಬಿಟ್ಟರು. ಲಾರಿ, ಬಸ್ಸುಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈ ಕೊನೆಯಲ್ಲಿ. ನಡುವಿನ ಎರಡೂವರೆ ವರ್ಷ ಗೊರಗುಂಟೆಪಾಳ್ಯದ ಕಡೆಯಿಂದ ದಾಸರಹಳ್ಳಿ ದಾಟುವವರೆಗೆ ಭಾರಿ ವಾಹನಗಳೆಲ್ಲ ಕೆಳರಸ್ತೆಯಲ್ಲೇ ತೆವಳಿದವು.

ಟ್ರಾಫಿಕ್ ಬಗ್ಗೆ ಎಲ್ಲರೂ ಮಾತಾಡಿದರು. ಅದರಿಂದ ಒಂದು ಲೇತ್ ಶೆಡ್ಡಿನ ನಿರ್ಧಾರಗಳು ಹೇಗೆ ಬದಲಾದವು ಎಂಬುದರ ಬಗ್ಗೆ ಮಾತು ಕಡಿಮೆ. ಪೀಣ್ಯದಲ್ಲಿ ಒಂದು ಶಾಫ್ಟ್ ಒಂದೇ ಸೂರಿನಡಿ ತಯಾರಾಗುವುದು ಅಪರೂಪ. ಕಬ್ಬಿಣದ ಸರಳನ್ನು ಒಂದು ಕಡೆ ಕತ್ತರಿಸುತ್ತಾರೆ, ಇನ್ನೊಂದು ಶೆಡ್ಡಿನಲ್ಲಿ ಟರ್ನಿಂಗ್, ಮತ್ತೊಂದರಲ್ಲಿ ಹೀಟ್ ಟ್ರೀಟ್‌ಮೆಂಟ್, ಆಮೇಲೆ ಗ್ರೈಂಡಿಂಗ್, ಕೊನೆಗೆ ಪ್ಲೇಟಿಂಗ್. ಒಂದರಿಂದ ಒಂದಕ್ಕೆ ಡೆಲಿವರಿ ಚಲನ್ ಬರೆದು ಗೂಡ್ಸ್ ಆಟೋದಲ್ಲಿ ಕಳಿಸುವುದು. ದಿನಕ್ಕೆ ಮೂರು ಟ್ರಿಪ್ ಹೊಡೆಯುತ್ತಿದ್ದ ಗಾಡಿ ಎರಡಕ್ಕೆ ಇಳಿದರೆ ಬಾಡಿಗೆಯಷ್ಟೇ ಅಲ್ಲ, ಲಾಟ್‌ನ ಅಳತೆಯೂ ಬದಲಾಗುತ್ತದೆ. ಐವತ್ತು ಪೀಸ್ ಆದ ಕೂಡಲೇ ಕಳಿಸುತ್ತಿದ್ದವರು ಇನ್ನೂರು ಆಗುವವರೆಗೆ ಕಾಯುತ್ತಾರೆ. ಅಷ್ಟು ಮಾಲು ಶೆಡ್ಡಿನಲ್ಲಿ ಕೂತರೆ ಅಷ್ಟು ದುಡ್ಡೂ ಕೂತ ಹಾಗೆ. ಮೊದಲ ಐವತ್ತರಲ್ಲಿ ಸಿಗಬೇಕಿದ್ದ ಅಳತೆಯ ತಪ್ಪು ಇನ್ನೂರರಲ್ಲಿ ಸಿಗುತ್ತದೆ.

ಮ್ಯಾನೇಜ್‌ಮೆಂಟ್ ಪುಸ್ತಕಗಳು ಹೊರಗಿನ ಪರಿಸರವನ್ನು ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ, ಪರಿಸರ, ಕಾನೂನು ಎಂದು ಆರು ಖಾನೆಗಳಲ್ಲಿ ತುಂಬುತ್ತವೆ. ಪರೀಕ್ಷೆ ಬರೆಯುವವರಿಗೆ ಅದು ಸರಿ. ತಾನೇ ಯಜಮಾನ, ತಾನೇ ಪರ್ಚೇಸ್ ಮ್ಯಾನೇಜರ್, ಮಷಿನ್ ಸೆಟ್ಟರ್ ರಜಾ ಹಾಕಿದ ದಿನ ತಾನೇ ಸೆಟ್ಟರ್ ಆಗಿರುವವರಿಗೆ ಮೂರು ಪ್ರಶ್ನೆ ಸಾಕು. ಈ ಬದಲಾವಣೆಯಿಂದ ಒಂದು ಪೀಸಿನ ಖರ್ಚು ಎಷ್ಟು ಏರುತ್ತದೆ? ಕೈಗೆ ದುಡ್ಡು ಬರುವುದು ಎಷ್ಟು ದಿನ ತಡವಾಗುತ್ತದೆ? ಇದು ಮೂರು ತಿಂಗಳ ಮಾತೋ, ಹತ್ತು ವರ್ಷದ ಮಾತೋ? ಹೆಚ್ಚಿನವರು ಮೊದಲ ಪ್ರಶ್ನೆಗೇ ನಿಂತುಬಿಡುತ್ತಾರೆ. ಶೆಡ್ಡುಗಳು ಮುಚ್ಚುವುದು ಎರಡನೆಯದರಲ್ಲಿ.

ಜಿಎಸ್‌ಟಿಯನ್ನೇ ನೋಡಿ. ಎಂಜಿನಿಯರಿಂಗ್ ಜಾಬ್ ವರ್ಕ್ (ಗಿರಾಕಿ ‘ಪಾರ್ಟಿ’ ಕೊಟ್ಟ ಮಾಲಿನ ಮೇಲೆ ಕೂಲಿಗೆ ಮಾಡುವ ಕೆಲಸ) ಮೇಲಿನ ತೆರಿಗೆ 2019ರ ಅಕ್ಟೋಬರ್‌ನಲ್ಲಿ ಶೇ 18ರಿಂದ 12ಕ್ಕೆ ಇಳಿದಿತ್ತು. 2025ರ ಸೆಪ್ಟೆಂಬರ್ 22ರಂದು ದರಗಳನ್ನೆಲ್ಲ ಮರುಜೋಡಿಸಿದಾಗ ಅದು ಮತ್ತೆ 18ಕ್ಕೆ ಹೋಯಿತು. ಕಾಗದದ ಮೇಲೆ ಯಾರಿಗೂ ನಷ್ಟವಿಲ್ಲ: ನೀವು ಪಾರ್ಟಿಯಿಂದ ವಸೂಲು ಮಾಡುತ್ತೀರಿ, ಪಾರ್ಟಿ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರು ಸಿಎನ್‌ಸಿ ಮಷಿನ್ ಇರುವ ಶೆಡ್ಡು ತಿಂಗಳಿಗೆ 10 ಲಕ್ಷ ಬಿಲ್ ಮಾಡುತ್ತದೆ, ಪಾರ್ಟಿ 90 ದಿನಕ್ಕೆ ಹಣ ಕೊಡುತ್ತದೆ. ತೆರಿಗೆ ಕಟ್ಟಬೇಕಾದದ್ದು ಮುಂದಿನ ತಿಂಗಳ 20ರೊಳಗೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣವರೂ ನಡುವಿನ ತಿಂಗಳುಗಳಲ್ಲಿ 25ರೊಳಗೆ ಚಲನ್ ಕಟ್ಟಲೇಬೇಕು. ಅಂದರೆ ಬಾರದ ದುಡ್ಡಿನ ತೆರಿಗೆಯನ್ನು ಸರಿಸುಮಾರು ಎರಡು ತಿಂಗಳು ಮೊದಲೇ ನಮ್ಮ ಜೇಬಿನಿಂದ ಕಟ್ಟಿರುತ್ತೇವೆ. ದರ 6 ಅಂಶ ಏರಿದರೆ ತಿಂಗಳಿಗೆ 60 ಸಾವಿರ ಹೆಚ್ಚು, ಎರಡು ತಿಂಗಳಿಗೆ 1.2 ಲಕ್ಷ ಸದಾ ಸಿಕ್ಕಿಹಾಕಿಕೊಂಡಿರುತ್ತದೆ. ವಸ್ತು ಕೊಂಡು ಮಾರುವವನಿಗೆ ಖರೀದಿಯ ಮೇಲಿನ ಕ್ರೆಡಿಟ್ ಸ್ವಲ್ಪ ಉಸಿರು ಕೊಡುತ್ತದೆ. ಜಾಬ್ ವರ್ಕ್ ಮಾಡುವವನ ಮುಖ್ಯ ಖರ್ಚು ಕೂಲಿ, ಕೂಲಿಗೆ ಕ್ರೆಡಿಟ್ ಇಲ್ಲ. ಆದ್ದರಿಂದ ಇಂಥ ಸುದ್ದಿ ಬಂದ ದಿನ ಪಾರ್ಟಿಯ ಮುಂದೆ ಇಡಬೇಕಾದ ಮಾತು ದರದ್ದಲ್ಲ: ‘ಕೆಲಸದ ಹಣ ಆಮೇಲೆ ಕೊಡಿ, ತೆರಿಗೆಯ ಮೊತ್ತವನ್ನು 20ರೊಳಗೆ ಹಾಕಿಬಿಡಿ.’ ಎಲ್ಲರೂ ಒಪ್ಪುವುದಿಲ್ಲ. ಒಪ್ಪುವ ಪಾರ್ಟಿಗೆ ಪೀಸಿಗೆ ಒಂದು ರೂಪಾಯಿ ಕಡಿಮೆ ಮಾಡಿದರೂ ಲಾಭವೇ ಇರಬಹುದು. ಲೆಕ್ಕ ಹಾಕಿ ನೋಡಿ.

ಹಣ ಬರುವ ದಿನದ ಮಾತು ಬಂದಿದ್ದರಿಂದ ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಇಷ್ಟು ಕಟ್ಟುನಿಟ್ಟಿನ ಕಾನೂನು ಬಹುಕಾಲ ಬೀರುವಿನಲ್ಲೇ ಇತ್ತು. ಪಾರ್ಟಿಯ ಮೇಲೆ ದೂರು ಕೊಟ್ಟವನಿಗೆ ಮುಂದಿನ ಪರ್ಚೇಸ್ ಆರ್ಡರ್ (ಪಿಒ) ಎಲ್ಲಿಂದ ಬರಬೇಕು? ಬದಲಾವಣೆ ತಂದದ್ದು ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್). 2023-24ರ ಲೆಕ್ಕಪತ್ರದಿಂದ, ಈ ಗಡುವಿನೊಳಗೆ ಹಣ ಕೊಡದ ಖರೀದಿದಾರ ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯುವಂತಿಲ್ಲ, ಕೊಟ್ಟ ವರ್ಷವೇ ಕಳೆಯಬೇಕು. ಸಣ್ಣವನು ದೂರು ಕೊಡಬೇಕಾಗಿಲ್ಲ, ದೊಡ್ಡವನ ಆಡಿಟರೇ ಕೇಳುತ್ತಾರೆ. ಅಡ್ಡ ಪರಿಣಾಮವೂ ಇಲ್ಲದಿಲ್ಲ. ‘ಸಣ್ಣ ಉದ್ಯಮವೆಂದು ಮಾಡಿಸಿದ ಉದ್ಯಮ್ ನೋಂದಣಿ ರದ್ದು ಮಾಡಿಕೊಳ್ಳಿ, ಆಮೇಲೆ ಆರ್ಡರ್ ಮಾತಾಡೋಣ’ ಎಂದ ಖರೀದಿದಾರರಿದ್ದಾರೆ. ಈ ರಕ್ಷಣೆ ಮಧ್ಯಮ ಉದ್ಯಮಗಳಿಗಿಲ್ಲವಾದ್ದರಿಂದ ಅಂಥವರ ಕಡೆ ವಾಲಿದವರೂ ಇದ್ದಾರೆ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿಗೆ ಏರಿದ ಮೇಲೆ ಹಾಗೆ ತಪ್ಪಿಸಿಕೊಳ್ಳಲು ಸಿಗುವ ಸಪ್ಲೈಯರ್‌ಗಳು ಕಡಿಮೆಯಾಗಿದ್ದಾರೆ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಟ್ರೆಡ್ಸ್ ವೇದಿಕೆಗಳಿಗೆ ಸೇರುವುದು ಕಡ್ಡಾಯವಾಗಿದೆ. ಖರೀದಿದಾರ ಅಲ್ಲಿ ನಿಮ್ಮ ಬಿಲ್ಲನ್ನು ಒಪ್ಪಿದರೆ ಬ್ಯಾಂಕು ಬಡ್ಡಿ ಮುರಿದುಕೊಂಡು ಹಣವನ್ನು ಮುಂಚೆಯೇ ಕೊಡುತ್ತದೆ. ಖರೀದಿದಾರ ಕೈಕೊಟ್ಟರೂ ನಿಮ್ಮ ಬೆನ್ನು ಹತ್ತುವುದಿಲ್ಲ.

ಕರೆಂಟಿನ ವಿಷಯದಲ್ಲಿ ಗಲಾಟೆ ಜಾಸ್ತಿ, ಲೆಕ್ಕ ಕಡಿಮೆ. 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಸೇರಿತು, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಹೊರೆಗೆಂದು. ತಿಂಗಳಿಗೆ 5 ಸಾವಿರ ಯೂನಿಟ್ ಉರಿಸುವ ಮಷಿನ್ ಶಾಪಿಗೆ ಅದು 1,800 ರೂಪಾಯಿ. ಕೆಲಸದ ನಡುವೆ ಕರೆಂಟ್ ಹೋಗಿ ಇನ್ಸರ್ಟ್ ಮುರಿದು, ದುಬಾರಿ ಪೀಸ್ ಸ್ಕ್ರ್ಯಾಪಿಗೆ ಬಿದ್ದರೆ ಅಷ್ಟು ಒಂದೇ ಸಂಜೆ ಹೋಗುತ್ತದೆ. ಮಷಿನ್ ಶಾಪಿನವನ ತೀರ್ಮಾನ ಕರೆಂಟ್ ಹೋಗುವ ಹೊತ್ತಿನ ಸುತ್ತ ಇರಬೇಕೇ ಹೊರತು ದರದ ಸುತ್ತಲ್ಲ. ತಿಂಗಳಿಗೆ 50 ಸಾವಿರ ಯೂನಿಟ್ ನುಂಗುವ ಹೀಟ್ ಟ್ರೀಟ್‌ಮೆಂಟ್ ಫರ್ನೇಸಿನವನಿಗೆ ಅದೇ 36 ಪೈಸೆ 18 ಸಾವಿರ. ಅವನು ಚಾವಣಿ ಮೇಲೆ ಸೋಲಾರ್ ಹಾಕುವ ಲೆಕ್ಕ ಮಾಡುವುದು ನ್ಯಾಯ. ಬಡ್ಡಿ ದರಕ್ಕೂ ಇದೇ ಮಾತು. 2019ರ ಅಕ್ಟೋಬರ್‌ನಿಂದ ಸಣ್ಣ ಉದ್ಯಮಗಳ ಹೊಸ ಏರಿಳಿತದ ಬಡ್ಡಿಯ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿವೆ. 2025ರಲ್ಲಿ ರೆಪೊ 6.5ರಿಂದ 5.25ಕ್ಕೆ ಇಳಿಯಿತು. 40 ಲಕ್ಷ ಮಷಿನ್ ಸಾಲ ಬಾಕಿ ಇರುವವನಿಗೆ ಪೂರ್ತಿ ಇಳಿಕೆ ತಲುಪಿದರೆ ವರ್ಷಕ್ಕೆ 50 ಸಾವಿರ ಉಳಿತಾಯ. ಚೆನ್ನ, ಆದರೆ ಆ ಒಂದೇ ಕಾರಣಕ್ಕೆ ಇನ್ನೊಂದು ವಿಎಂಸಿ ಮಷಿನ್ ತಂದು ನಿಲ್ಲಿಸಬೇಡಿ. ಈಗಿರುವ ಮಷಿನ್ ಎರಡನೇ ಶಿಫ್ಟಿನಲ್ಲಿ ಓಡುತ್ತಿದೆಯೇ ಎಂದು ಮೊದಲು ನೋಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಿಲ್ಲಿನಲ್ಲಿ ಕಾಣುವ ಹೊರಗು. ಕಾಣದ ಒಂದಿದೆ: ನಿಮ್ಮ ಪಾರ್ಟಿಯ ಪಾರ್ಟಿ ಯಾರು?

ಪೀಣ್ಯ ಹುಟ್ಟಿದ ಬಗೆಯಲ್ಲೇ ಈ ಪ್ರಶ್ನೆ ಇದೆ. 1953ರಲ್ಲಿ ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕಾರ್ಖಾನೆ, ಮರುವರ್ಷ ಬಿಇಎಲ್. ಆ ಕಾರ್ಖಾನೆಗಳ ಬಿಡಿಭಾಗಗಳನ್ನು ಮಾಡಿಕೊಡುತ್ತ, ಅಲ್ಲೇ ಕೆಲಸ ಕಲಿತವರು ಹೊರಬಂದು ಸ್ವಂತ ಲೇತ್ ಹಾಕುತ್ತ ಈ ಪ್ರದೇಶ ಬೆಳೆಯಿತು. 1991ರ ಉದಾರೀಕರಣದ ನಂತರ ಹೊರಗಿನ ಮಷಿನ್‌ಗಳೂ ಗಡಿಯಾರಗಳೂ ಬಂದವು, ಎಚ್‌ಎಂಟಿ ಸೊರಗಿತು, 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಒಂದೇ ಪಾರ್ಟಿಯನ್ನು ನಂಬಿದ್ದವರಿಗೆ ಇದು ಏನು ಮಾಡಿತೆಂದು ಹೇಳಬೇಕಿಲ್ಲ. ಅದೇ ಲೇತಿನ ಮೇಲೆ ವಾಹನದ ಭಾಗ, ಪಂಪಿನ ಭಾಗ, ಎಚ್‌ಎಎಲ್ ಅಥವಾ ಇಸ್ರೊ ಕೆಲಸಕ್ಕೆ ಹೊರಳಿದವರು ಉಳಿದರು.

ಇತ್ತೀಚಿನ ಪಾಠ ಅಮೆರಿಕದ್ದು. 2025ರ ಆಗಸ್ಟ್ 27ರಿಂದ ಭಾರತದ ಬಹುಪಾಲು ಸರಕುಗಳ ಮೇಲೆ ಅಲ್ಲಿ ಶೇ 50 ಸುಂಕ ಬಿತ್ತು. ಅಮೆರಿಕಕ್ಕೆ ನೇರ ರಫ್ತು ಮಾಡುವ ಗಾರ್ಮೆಂಟ್ಸ್‌ನವರಿಗೆ ಅದು ಅದೇ ದಿನ ಗೊತ್ತಾಯಿತು. ತನ್ನ ಬುಷ್ ಎಲ್ಲಿಗೆ ಹೋಗುತ್ತದೆ ಎಂದು ಯಾವತ್ತೂ ಕೇಳದ ಶೆಡ್ಡಿನವನಿಗೆ ಇಂಥದ್ದು ಗೊತ್ತಾಗುವುದು ಪಿಒ ನಿಂತ ಮೇಲೆ. ಮುಂದಿನ ಸಲ ಡ್ರಾಯಿಂಗ್ ಬಂದಾಗ ‘ಸಾರ್, ಇದು ಯಾವ ಮಷಿನಿಗೆ ಹೋಗುತ್ತೆ, ಇಲ್ಲೇ ಮಾರಾಟವೋ ಹೊರಗೋ?’ ಎಂದು ಕೇಳಿ. ಎಂಜಿನ್ ಒಳಗೆ ಕೂರುವ ಭಾಗವೋ, ಬ್ರೇಕಿನ ಭಾಗವೋ ಎಂಬುದೂ ಮುಖ್ಯ. ಬ್ಯಾಟರಿ ಗಾಡಿಗೆ ಬ್ರೇಕ್ ಬೇಕು, ಪಿಸ್ಟನ್ ಬೇಡ. ಇದು ಹತ್ತು ವರ್ಷದ ಬದಲಾವಣೆ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿ ನವೆಂಬರ್‌ನಲ್ಲಿ ತೆಗೆದದ್ದು ಆರು ತಿಂಗಳ ಬದಲಾವಣೆ. ಮೊದಲನೆಯದಕ್ಕೆ ಹೊಸ ಪಾರ್ಟಿ ಹುಡುಕಬೇಕು. ಎರಡನೆಯದಕ್ಕೆ ಕೊಟೇಷನ್ ಕೆಳಗೆ ‘ಈ ದರ 7 ದಿನ ಮಾತ್ರ’ ಎಂಬ ಒಂದು ಸಾಲು ಸಾಕು.

ಜಾಗದ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ದಾಬಸ್‌ಪೇಟೆ, ತುಮಕೂರಿನ ವಸಂತನರಸಾಪುರ, ಹಾರೋಹಳ್ಳಿ, ಗಡಿಯಾಚೆ ಹೊಸೂರು, ಎಲ್ಲ ಕಡೆ ಪೀಣ್ಯಕ್ಕಿಂತ ವಿಶಾಲ ಜಾಗ ಸಿಗುತ್ತದೆ. ಹೋದರೆ ಬಿಟ್ಟುಹೋಗುವುದೇನು? ಪಕ್ಕದ ರಸ್ತೆಯ ಟೂಲ್ ಗ್ರೈಂಡಿಂಗ್, ಅರ್ಧ ಗಂಟೆಯಲ್ಲಿ ಸಿಗುವ ಬೇರಿಂಗ್, ಎನ್‌ಟಿಟಿಎಫ್ ತರಬೇತಿ ಕೇಂದ್ರದಲ್ಲಿ ಕಲಿತ ಹುಡುಗರು, ‘ಅಣ್ಣ, ನಾಳೆ ಕೊಡ್ತೀನಿ’ ಅಂದರೆ ಒಪ್ಪುವ ಪ್ಲೇಟಿಂಗ್‌ನವನು. ಆ ಪ್ಲೇಟಿಂಗ್‌ನವನು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಂಪು ವರ್ಗದವನು, ಅವನು ಮನಸ್ಸು ಮಾಡಿದಲ್ಲೆಲ್ಲ ಹೋಗುವಂತಿಲ್ಲ, ಆದ್ದರಿಂದ ನಿಮ್ಮ ಜೊತೆ ಬರುವುದಿಲ್ಲ. ಎಲ್ಲ ಹಂತವೂ ತನ್ನಲ್ಲೇ ಇರುವ ಕಾರ್ಖಾನೆ ಹೋಗಬಹುದು. ಐದು ಶೆಡ್ಡುಗಳ ಸರಪಳಿಯಲ್ಲಿ ಒಂದು ಕೊಂಡಿಯಾಗಿರುವವನು ಒಬ್ಬನೇ ಹೋದರೆ ಬಾಡಿಗೆಯಲ್ಲಿ ಉಳಿಸಿದ್ದನ್ನು ಗಾಡಿಗೆ ಸುರಿಯುತ್ತಾನೆ. ಇನ್ನು ಸ್ವಂತ ಪ್ಲಾಟ್ ಇರುವವರ ತಲೆಯೊಳಗೆ ಬೇರೆಯೇ ಲೆಕ್ಕ ಓಡುತ್ತದೆ: ಮಷಿನ್ ಮಾರಿ ಗೋಡೌನ್ ಬಾಡಿಗೆಗೆ ಕೊಟ್ಟರೆ ತಲೆನೋವಿಲ್ಲದೆ ದುಡ್ಡು. ಅವರನ್ನು ದೂರುವ ಹಾಗಿಲ್ಲ.

ಕಾನೂನಿನ ಇನ್ನೊಂದು ಲೆಕ್ಕ ಕೆಲಸಗಾರರದ್ದು. ಅವರ ಸಂಖ್ಯೆ 10 ಮುಟ್ಟಿದರೆ ಇಎಸ್‌ಐ, 20 ಮುಟ್ಟಿದರೆ ಪಿಎಫ್ ಎಂಬ ಕಾರಣಕ್ಕೆ 19ಕ್ಕೇ ನಿಲ್ಲುವವರು, ಮನೆಯವರ ಹೆಸರಲ್ಲಿ ಎರಡನೇ ಸಂಸ್ಥೆ ತೆರೆಯುವವರು ಇದ್ದಾರೆ. ನನಗೆ ಇದು ಸಣ್ಣ ಬುದ್ಧಿಯ ಉಳಿತಾಯವಾಗಿ ಕಾಣುತ್ತದೆ. ದೊಡ್ಡ ಪಾರ್ಟಿಯ ಆಡಿಟ್‌ನವರು ಮೊದಲು ಕೇಳುವುದೇ ಹಾಜರಿ ಪುಸ್ತಕ ಮತ್ತು ಪಿಎಫ್ ಚಲನ್. ಪಿಎಫ್ ಕೆಲಸಗಾರರಿಗೆ ಎಷ್ಟು ಮುಖ್ಯ ಎಂಬುದನ್ನು 2016ರ ಏಪ್ರಿಲ್‌ನಲ್ಲಿ, ಹಣ ಹಿಂಪಡೆಯುವ ನಿಯಮ ಬಿಗಿ ಮಾಡಿದಾಗ, ಹೊಸೂರು ರಸ್ತೆ ಮತ್ತು ತುಮಕೂರು ರಸ್ತೆಗಿಳಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತೋರಿಸಿದ್ದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದಕ್ಕೆ ತೆಗೆದುಕೊಂಡಿತು.

ಪೀಣ್ಯದಾಚೆಯೂ ಇದೇ ಲೆಕ್ಕ. ಐಟಿ ಕಂಪನಿಗಳ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಸಣ್ಣ ಉದ್ಯಮವೆಂದರೆ ಪಿಜಿ, ಮೆಸ್ಸು, ಟೆಂಪೋ ಟ್ರಾವೆಲರ್, ಟೀ ಅಂಗಡಿ. ಹೊರಗಿನ ಏಟು ಅಲ್ಲಿ ಇನ್ನೂ ನೇರ. 2020ರ ಮಾರ್ಚ್‌ನಲ್ಲಿ ಕಂಪನಿಗಳು ಮನೆಯಿಂದ ಕೆಲಸ ಎಂದ ವಾರವೇ ಹಾಸಿಗೆಗಳು ಖಾಲಿ. ಪೀಣ್ಯದ ಶೆಡ್ಡುಗಳು ಲಾಕ್‌ಡೌನ್ ಸಡಿಲವಾದಂತೆ ತೆರೆದವು. ಐಟಿ ಕಚೇರಿಗಳು ಬಹಳ ಕಾಲ ತುಂಬಲೇ ಇಲ್ಲ. ಈಗ ಮೆಟ್ರೊ ಬಂದಿದೆ, 2023ರ ಅಕ್ಟೋಬರ್ 9ರಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ ಪೂರ್ತಿ, 2025ರ ಆಗಸ್ಟ್‌ನಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ. ಕಚೇರಿಯ ಪಕ್ಕವೇ ಇರಬೇಕೆಂಬ ಒತ್ತಾಯ ಇಲ್ಲವಾದವರಿಗೆ ಪಿಜಿಯವನು ಹತ್ತಿರದ ಹೆಸರಲ್ಲಿ ಹೆಚ್ಚು ಬಾಡಿಗೆ ಕೇಳುವುದು ಕಷ್ಟ. ಗಾಡಿ ಇಟ್ಟವನಿಗೆ ಮನೆಯಿಂದ ಕಚೇರಿಗೆ ಓಡಿಸುವುದಕ್ಕಿಂತ ಮೆಟ್ರೊ ನಿಲ್ದಾಣದಿಂದ ಕಚೇರಿಗೆ ಓಡಿಸುವುದು ಹೊಸ ದಾರಿ.

ಅಂಗಡಿಯವರಿಗೆ ಬಿದ್ದ ಏಟು ತೆರಿಗೆಯ ಕಡೆಯಿಂದ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ಕ್ಯೂಆರ್ ಹಲಗೆ ಮಾಯವಾಗಿ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಇನ್ನು ಮುಂದೆ ಜಿಎಸ್‌ಟಿ ನೋಂದಣಿ ಮಾಡಿಸಿ ಎಂದು ಸರ್ಕಾರ ಹೇಳಿದ ಮೇಲೆ ಬಿಸಿ ಇಳಿಯಿತು. ಕ್ಯೂಆರ್ ತೆಗೆದ ಅಂಗಡಿಯಿಂದ ಜೇಬಲ್ಲಿ ಚಿಲ್ಲರೆ ಇಲ್ಲದ ಐಟಿ ಹುಡುಗ ಪಕ್ಕದ ಅಂಗಡಿಗೆ ನಡೆದ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಮೀರಿದರೆ ನೋಂದಣಿ ಬೇಕು. 1.5 ಕೋಟಿಯೊಳಗಿನ ವ್ಯಾಪಾರಿ ಕಾಂಪೊಸಿಷನ್ ಯೋಜನೆಗೆ ಹೋದರೆ ವಹಿವಾಟಿನ ಶೇ 1, ಹೋಟೆಲಿನವರಿಗೆ ಶೇ 5. ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಇದು ಅಗ್ಗ.

ಇದನ್ನು ಓದುತ್ತಿರುವವರು ಶೆಡ್ಡು ನಡೆಸುವವರಾದರೆ ಈ ವಾರ ಎರಡು ಕೆಲಸ ಮಾಡಿ. ಉದ್ಯಮ್ ಸಂಖ್ಯೆಯನ್ನೂ ನಿಮ್ಮ ವರ್ಗವನ್ನೂ ಬಿಲ್ಲಿನ ಮೇಲೆ ಮುದ್ರಿಸಿ. ಅದು ಕಾಣದಿದ್ದರೆ ಪಾರ್ಟಿಯ ಆಡಿಟರ್ ನಿಮ್ಮನ್ನು 45 ದಿನದ ಪಟ್ಟಿಗೆ ಸೇರಿಸುವುದಿಲ್ಲ. ಮತ್ತೆ ಹಳೆಯ ಪಿಒಗಳನ್ನು ತೆಗೆದು ‘ಪೇಮೆಂಟ್ 90 ದಿನ’ ಎಂದಿರುವವನ್ನು ಬೇರೆ ಇಡಿ. ನೀವು ಸಹಿ ಹಾಕಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು 45ಕ್ಕಿಂತ ಒಂದು ದಿನವೂ ಹೆಚ್ಚಲ್ಲ.