ಎಚ್‌ಐವಿಗೆ ಯಾವ ಡಾಕ್ಟರು?

ಎಚ್‌ಐವಿ ಸೋಂಕಿದ್ದವರು ಯಾವ ಸ್ಪೆಷಲಿಸ್ಟನ್ನು ಕಾಣಬೇಕು ಎಂದು ಬೆಂಗಳೂರು ಚಿಕ್ಕಪೇಟೆಯ ಓದುಗರೊಬ್ಬರು ಕೇಳಿದ್ದಾರೆ. ಅಲ್ಲಿಂದ ನಡೆದೇ ಹೋಗಬಹುದಾದ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಶಿವಾಜಿನಗರದ ಬೌರಿಂಗ್‌ನಲ್ಲೂ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧ ಚಿಕಿತ್ಸೆ) ಕೇಂದ್ರಗಳಿವೆ. ಇಂಥ ಕೇಂದ್ರಗಳಲ್ಲಿ ದಿನವೂ ರೋಗಿಗಳನ್ನು ನೋಡುವವರು ಹೆಚ್ಚಾಗಿ ಎಂಬಿಬಿಎಸ್ ಓದಿ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ತರಬೇತಿ ಪಡೆದ ವೈದ್ಯಾಧಿಕಾರಿಗಳು. ಅಷ್ಟು ಸಾಕೇ? ಸಾಕು, ತರಬೇತಿ ಗಟ್ಟಿಯಾಗಿದ್ದರೆ.

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಶುರುಮಾಡಿದಾಗ ಇಡೀ ದೇಶಕ್ಕೆ ಎಂಟೇ ಕೇಂದ್ರಗಳು. ಈಗ ತಾಲ್ಲೂಕು ಆಸ್ಪತ್ರೆಗಳ ಲಿಂಕ್ ಕೇಂದ್ರಗಳಲ್ಲೂ ಮಾತ್ರೆ ಸಿಗುತ್ತದೆ. ಚಿಕಿತ್ಸೆ ಸರಳವಾದದ್ದೇ ಇದಕ್ಕೆ ದೊಡ್ಡ ಕಾರಣ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದು ಮಾತ್ರೆ, ದಿನಕ್ಕೊಮ್ಮೆ.

ಆದರೆ ಅದೇ ರೋಗಿಗೆ ಕ್ಷಯ ಬಂತೆನ್ನಿ. ನಮ್ಮಲ್ಲಿ ಇದು ಅಪರೂಪವಲ್ಲ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್, ಡೊಲುಟೆಗ್ರಾವಿರ್ ಅನ್ನು ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಚಾಮರಾಜಪೇಟೆಯ ಹಳೆ ಮನೆಯ ಸಂಪನ್ನು ನೆನೆಯಿರಿ: ಬರುವ ಕಾವೇರಿ ನೀರು ಅಷ್ಟೇ, ಬಾಡಿಗೆಗೆ ಕೊಟ್ಟಮೇಲೆ ನಲ್ಲಿಗಳು ಮಾತ್ರ ದುಪ್ಪಟ್ಟಾದವು. ಬೆಳಿಗ್ಗೆ ತುಂಬಿದ್ದು ಸಂಜೆಗೇ ತಳ ಕಾಣುತ್ತದೆ. ಸಂಪು ದೊಡ್ಡದು ಮಾಡಿ ಪ್ರಯೋಜನವಿಲ್ಲ, ಸಂಜೆ ಇನ್ನೊಮ್ಮೆ ನೀರು ಬಿಡಬೇಕು. ವೈದ್ಯರು ಮಾಡುವುದೂ ಇದನ್ನೇ. ಹನ್ನೆರಡು ಗಂಟೆಯ ಅಂತರದಲ್ಲಿ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಸೇರಿಸುತ್ತಾರೆ. ರಿಫಾಂಪಿಸಿನ್ ನಿಂತಮೇಲೂ ಎರಡು ವಾರ ಅದನ್ನು ಮುಂದುವರಿಸುತ್ತಾರೆ, ಏಕೆಂದರೆ ಹೆಚ್ಚಿದ ಕಿಣ್ವ ತಕ್ಷಣ ಇಳಿಯುವುದಿಲ್ಲ. ಈ ಒಂದು ವಿಷಯ ಗೊತ್ತಿಲ್ಲದಿದ್ದರೆ ರಕ್ತದಲ್ಲಿ ಔಷಧ ತೆಳುವಾಗಿ ವೈರಸ್ ಮತ್ತೆ ತಲೆ ಎತ್ತಬಹುದು. ಗೊತ್ತಿರಲು ಎಂಡಿ ಬೇಕಿಲ್ಲ.

ಪ್ರತಿ ಆಸ್ಪತ್ರೆಗೂ ಸೋಂಕುರೋಗ ತಜ್ಞರಿರಬೇಕೆಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ದಕ್ಷಿಣ ಆಫ್ರಿಕಾದಲ್ಲಿ 812 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದರ ನಿಗಾ ವೈದ್ಯರಿಗೆ, ಇನ್ನೊಂದರದು ನರ್ಸ್‌ಗಳಿಗೆ ವಹಿಸಿದರು. 2010ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ ನರ್ಸ್‌ಗಳ ಗುಂಪು ಹಿಂದೆ ಬೀಳಲಿಲ್ಲ.

ನನ್ನ ಆತಂಕ ಬೇರೆ. ಎಆರ್‌ಟಿ ಕೇಂದ್ರಗಳ ವೈದ್ಯಾಧಿಕಾರಿಗಳಲ್ಲಿ ಹೆಚ್ಚಿನವರು ಗುತ್ತಿಗೆ ನೌಕರರು. ಪಿಜಿ ಸೀಟು ಸಿಕ್ಕರೆ ಹೊರಡುತ್ತಾರೆ, ಅದು ಸಹಜವೇ. ಹೋದವರ ಜೊತೆ ಕಲಿತದ್ದೂ ಹೋಗುತ್ತದೆ. ಹೊಸಬರು ರಿಫಾಂಪಿಸಿನ್ ಪಾಠದಿಂದ ಶುರುಮಾಡಬೇಕು. ಬೆಂಗಳೂರಿನಲ್ಲಾದರೆ ಪಕ್ಕದ ವಾರ್ಡಿನಲ್ಲಿ ಕೇಳಲು ಹಿರಿಯರಿರುತ್ತಾರೆ. ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಅನುಕೂಲವಿಲ್ಲ. ಕಾಯಂ ಹುದ್ದೆ ಮೊದಲು ಬೇಕಿರುವುದು ಅಲ್ಲಿಗೆ.