ಬೆರಳಿನ ಎರಡೂವರೆ ಕಿಲೋ

ಆಸ್ಟ್ರಿಯಾದ ಗ್ಲಾಕ್ 17 ಪಿಸ್ತೂಲಿಗೆ ಹದಿನೇಳು ತೋಟಾ ತುಂಬಿ ತೂಗಿದರೆ ಸುಮಾರು 900 ಗ್ರಾಂ ಬರುತ್ತದೆ. ಅದರ ಟ್ರಿಗರ್ ಎಳೆಯಲು ಬೇಕಾಗುವ ಬಲ ಎರಡೂವರೆ ಕಿಲೋ ಆಸುಪಾಸು. ಒಂದು ಕಿಲೋ ಕೂಡ ತೂಗದ ವಸ್ತುವನ್ನು ತೋಳು ಚಾಚಿ ಹಿಡಿದು, ಅದೇ ಕೈಯ ಒಂದು ಬೆರಳಿನಿಂದ ಅದರ ತೂಕದ ಎರಡೂವರೆ ಪಟ್ಟಿಗೂ ಮಿಕ್ಕಿದ ಬಲ ಹಾಕಬೇಕು. ಅಷ್ಟು ಹಾಕಿಯೂ ನಳಿಗೆಯ ತುದಿ ಕದಲಕೂಡದು. ಬಂದೂಕಿನಂಗಡಿಯವರು ಹೇಳುವ "ಕೈಗೆ ಹೇಗೆ ಕೂರುತ್ತೆ, ಹಿಡಿದು ನೋಡಿ" ಎಂಬುದು ಮಾರಾಟದ ಮಾತಿನಂತೆ ಕೇಳಿಸಿದರೂ ಅದರೊಳಗಿರುವುದು ಈ ಲೆಕ್ಕವೇ.

ನಮ್ಮ ದೇಶದಲ್ಲಿ ಈ ಆಯ್ಕೆಯ ತಲೆನೋವು ಜನಸಾಮಾನ್ಯರಿಗಿಲ್ಲ. 9 ಮಿ.ಮೀ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರ್. ಪೊಲೀಸರ ಸೊಂಟದಲ್ಲಿ ಅಥವಾ ಸಿನಿಮಾದಲ್ಲಿ ಕಂಡರೆ ಕಂಡಂತೆ. ಟೆಕ್ಸಾಸಿನಲ್ಲೋ ಅರಿಜೋನಾದಲ್ಲೋ ನೆಲೆಸಿರುವ ಕನ್ನಡಿಗರ ಮಾತು ಬೇರೆ. ಅಲ್ಲಿ ಗಾಜಿನ ಕಪಾಟಿನಲ್ಲಿ ಗ್ಲಾಕ್, ಸಿಗ್, ವಾಲ್ಥರ್, ಸ್ಮಿತ್ ಅಂಡ್ ವೆಸನ್ ಸಾಲಾಗಿ ಮಲಗಿರುತ್ತವೆ. ಎಲ್ಲವೂ ಕಪ್ಪು, ಎಲ್ಲವೂ ಪ್ಲಾಸ್ಟಿಕ್ ಹಿಡಿಯವು, ಎಲ್ಲವೂ ಸ್ಟ್ರೈಕರ್ ಮಾದರಿಯವು. ವ್ಯತ್ಯಾಸವಿರುವುದು ಒಳಗೆ.

ಪಿಸ್ತೂಲಿನ ಬೆನ್ನಲ್ಲಿ ಚಿಕ್ಕ ಸುತ್ತಿಗೆಯೊಂದು ಎದ್ದು ನಿಂತಿರುವುದನ್ನು ನೀವು ನೋಡಿರುತ್ತೀರಿ. ಅದು ಹ್ಯಾಮರ್. ಟ್ರಿಗರ್ ಎಳೆದಾಗ ಅದು ಬಿದ್ದು ಒಂದು ಮೊಳೆಗೆ ಬಡಿಯುತ್ತದೆ, ಮೊಳೆ ತೋಟಾದ ಬುಡಕ್ಕೆ ಚುಚ್ಚುತ್ತದೆ. ಸ್ಟ್ರೈಕರ್ ಪಿಸ್ತೂಲಿನಲ್ಲಿ ಈ ಸುತ್ತಿಗೆ ಇಲ್ಲ. ಮೊಳೆಯ ಸುತ್ತಲೇ ಸ್ಪ್ರಿಂಗ್ ಇರುತ್ತದೆ, ಕ್ಲಿಕ್ ಪೆನ್ನಿನೊಳಗೆ ರೀಫಿಲ್ಲಿನ ಸುತ್ತ ಇರುವಂತೆ. ಸ್ಪ್ರಿಂಗನ್ನು ಅದುಮಿ ಹಿಡಿದು ಬಿಟ್ಟರೆ ಮೊಳೆ ನೇರವಾಗಿ ಮುಂದಕ್ಕೆ ನುಗ್ಗುತ್ತದೆ. ಇದು ಹೊಸ ಉಪಾಯವೇನೂ ಅಲ್ಲ. ಜರ್ಮನಿಯ ಲೂಗರ್ ಹೀಗೇ ಕೆಲಸ ಮಾಡುತ್ತಿತ್ತು. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದ ಗಾವ್ರಿಲೊ ಪ್ರಿನ್ಸಿಪ್ ಕೈಯಲ್ಲಿದ್ದ, ಜಾನ್ ಬ್ರೌನಿಂಗ್ ವಿನ್ಯಾಸದ ಎಫ್‌ಎನ್ 1910 ಪಿಸ್ತೂಲೂ ಸ್ಟ್ರೈಕರ್ ಜಾತಿಯದೇ. ಪ್ಲಾಸ್ಟಿಕ್ ಹಿಡಿಯ ಜೊತೆ ಇದನ್ನು ಮೊದಲು ಕೂಡಿಸಿದ್ದು 1970ರಲ್ಲಿ ಹೆಕ್ಲರ್ ಅಂಡ್ ಕಾಖ್ ಕಂಪನಿಯ ವಿಪಿ70. ಆದರೆ ಅದರ ಟ್ರಿಗರ್ ಎಷ್ಟು ಬಿಗಿಯೆಂದರೆ, ಎಳೆಯುವಷ್ಟರಲ್ಲಿ ಗುರಿ ಇನ್ನೆಲ್ಲೋ ಹೋಗಿರುತ್ತಿತ್ತು.

ಗಾಸ್ಟನ್ ಗ್ಲಾಕ್ ಬಂದದ್ದು ಆಮೇಲೆ. ವಿಯೆನ್ನಾ ಹತ್ತಿರ ಪರದೆಯ ಸರಳು, ಸೈನ್ಯಕ್ಕೆ ಚಾಕು ಮಾಡಿಕೊಡುತ್ತಿದ್ದ ಮನುಷ್ಯ. ಪಿಸ್ತೂಲು ಮಾಡಿ ಅನುಭವವಿರಲಿಲ್ಲ. ಆಸ್ಟ್ರಿಯಾ ಸೈನ್ಯ ತನ್ನ ಹಳೆಯ ವಾಲ್ಥರ್ ಪಿ38ಗಳಿಗೆ ಬದಲಿ ಹುಡುಕುತ್ತಿದೆ ಎಂದು ಕೇಳಿ ಕೈಹಾಕಿದ, 1982ರಲ್ಲಿ ಗೆದ್ದ. ಮೊದಮೊದಲ ಮಾದರಿಗಳನ್ನು ಎಡಗೈಯಲ್ಲೇ ಹಾರಿಸಿ ನೋಡುತ್ತಿದ್ದನಂತೆ. ಸಿಡಿದು ಕೈ ಹೋದರೂ ನಕಾಶೆ ಬರೆಯಲು ಬಲಗೈ ಉಳಿಯಲಿ ಎಂದು. ಕಥೆ ಎಷ್ಟು ನಿಜವೋ, ಆ ಲೆಕ್ಕಾಚಾರದ ಬುದ್ಧಿ ಪಿಸ್ತೂಲಿನ ಒಳಗಂತೂ ಕಾಣುತ್ತದೆ.

ಗ್ಲಾಕಿನ ಜಾಣತನ ಇರುವುದು ಅರ್ಧಕ್ಕೆ ನಿಲ್ಲಿಸಿದ್ದರಲ್ಲಿ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆಮುಂದೆ ಜಾರುವ ಸ್ಲೈಡನ್ನು ಹಿಂದೆಳೆದು ಬಿಟ್ಟಾಗ ಸ್ಟ್ರೈಕರಿನ ಸ್ಪ್ರಿಂಗ್ ಪೂರ್ತಿ ಅದುಮಿಕೊಳ್ಳುವುದಿಲ್ಲ. ಉಳಿದ ಕೆಲಸ ಬೆರಳಿನದು. ಟ್ರಿಗರಿಗೆ ಅಂಟಿಕೊಂಡ ತಗಡಿನ ಪಟ್ಟಿಯೊಂದು ಸ್ಟ್ರೈಕರಿನ ಕಾಲನ್ನು ಹಿಡಿದು ಹಿಂದಕ್ಕೆ ಎಳೆಯುತ್ತದೆ. ಕೊನೆಯಲ್ಲಿ ಕನೆಕ್ಟರ್ ಎಂಬ ಪುಟ್ಟ ಓರೆ ತಗಡು ಆ ಪಟ್ಟಿಯನ್ನು ಕೆಳಕ್ಕೆ ತಳ್ಳುತ್ತದೆ, ಹಿಡಿತ ತಪ್ಪುತ್ತದೆ, ಸ್ಟ್ರೈಕರ್ ಹಾರುತ್ತದೆ. ಆ ತಗಡಿನ ಓರೆ ಸ್ವಲ್ಪ ಬದಲಾದರೆ ಟ್ರಿಗರಿನ ಭಾರವೇ ಬದಲಾಗುತ್ತದೆ. ಸಿಗ್ ಪಿ320, ವಾಲ್ಥರ್ ಪಿಪಿಕ್ಯೂ ಮುಂತಾದವು ಹಿಡಿದದ್ದು ಬೇರೆ ದಾರಿ. ಅವುಗಳಲ್ಲಿ ಸ್ಲೈಡೇ ಸ್ಪ್ರಿಂಗನ್ನು ಹೆಚ್ಚುಕಡಿಮೆ ಪೂರ್ತಿ ಅದುಮಿಡುತ್ತದೆ. ಬೆರಳಿಗೆ ಉಳಿಯುವುದು ಕೊಂಡಿ ಬಿಡಿಸುವ ಕೆಲಸವಷ್ಟೇ.

ಖಾಲಿ ಪಿಸ್ತೂಲನ್ನು ಎರಡೆರಡು ಸಲ ಪರೀಕ್ಷಿಸಿ, ಗೋಡೆಯ ಕಡೆ ತಿರುಗಿಸಿ ನಿಧಾನಕ್ಕೆ ಎಳೆದು ನೋಡಿದರೆ ಈ ಎಲ್ಲ ಹಂತಗಳೂ ಬೆರಳಿಗೇ ಸಿಗುತ್ತವೆ. ಮೊದಲು ಅಷ್ಟೇನೂ ಪ್ರತಿರೋಧವಿಲ್ಲದ ಸಡಿಲ. ಆಮೇಲೆ ಬೆರಳು ಏನಕ್ಕೋ ತಾಗಿ ನಿಲ್ಲುತ್ತದೆ. ಬಲ್ಲವರು ಅದನ್ನು ಗೋಡೆ ಎನ್ನುತ್ತಾರೆ. ಇನ್ನೂ ಒತ್ತಿದರೆ ಗ್ಲಾಕಿನಲ್ಲಿ ತುಸು ಜಾರಿದಂತಾಗಿ ಆಮೇಲೆ ಬಿಡುತ್ತದೆ, ವಾಲ್ಥರಿನಲ್ಲಿ ಜಾರುವಿಕೆ ಗೊತ್ತಾಗುವ ಮೊದಲೇ ಟಕ್ಕೆನ್ನುತ್ತದೆ. ಟ್ರಿಗರನ್ನು ಒತ್ತಿಹಿಡಿದೇ ಸ್ಲೈಡನ್ನು ಮತ್ತೆ ಎಳೆದು, ಬೆರಳನ್ನು ಮೆಲ್ಲಗೆ ಮುಂದಕ್ಕೆ ಬಿಡುತ್ತ ಬಂದರೆ ಒಂದು ಕಡೆ ಕಿಟಕ್ ಎಂಬ ಸದ್ದು. ಅದು ರೀಸೆಟ್, ಮುಂದಿನ ಗುಂಡಿಗೆ ಯಂತ್ರ ಸಿದ್ಧವಾದ ಜಾಗ. ಹ್ಯಾಮರ್ ಇರುವ ಬೆರೆಟ್ಟಾ 92ರಂಥ ಪಿಸ್ತೂಲಿನಲ್ಲಿ ಮೊದಲ ಎಳೆತ ಉದ್ದ, ಭಾರ ಐದು ಕಿಲೋ ಮೀರಿದ್ದು. ಎರಡನೆಯದರಿಂದ ಅದರ ಅರ್ಧ. ಸ್ಟ್ರೈಕರಿನಲ್ಲಿ ಮೊದಲನೆಯದೂ ಹದಿನೇಳನೆಯದೂ ಒಂದೇ. ಪೊಲೀಸ್ ಇಲಾಖೆಗಳು ಈ ಕಡೆ ವಾಲಿದ್ದಕ್ಕೆ ದೊಡ್ಡ ಕಾರಣ ಇದೇ: ಕಲಿಸುವುದು ಸುಲಭ.

ಇನ್ನು ಗುರಿಯ ಲೆಕ್ಕ. ಗ್ಲಾಕ್ 17ರಲ್ಲಿ ಹಿಂದಿನ ಗುರಿಗಂಡಿಗೂ ಮುಂದಿನ ಗುರಿಕಡ್ಡಿಗೂ ನಡುವಿನ ಅಂತರ 165 ಮಿ.ಮೀ. ಟ್ರಿಗರ್ ಎಳೆಯುವಾಗ ಮುಂದಿನ ಕಡ್ಡಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತೆನ್ನಿ. 25 ಮೀಟರ್ ದೂರದಲ್ಲಿ ಗುಂಡು 15 ಸೆಂಟಿಮೀಟರ್ ಆಚೆ ಹೋಗುತ್ತದೆ, ಏಳು ಮೀಟರಿನಲ್ಲೂ ನಾಲ್ಕು ಸೆಂಟಿಮೀಟರ್. ಇಡೀ ಪಿಸ್ತೂಲು ವಾಲದೆ ಒಂದು ಮಿಲಿಮೀಟರ್ ಪಕ್ಕಕ್ಕೆ ಜರುಗಿದರೆ ಗುಂಡು ಜರುಗುವುದೂ ಅದೇ ಒಂದು ಮಿಲಿಮೀಟರ್. ಆದ್ದರಿಂದ ಕೈ ನಡುಗುತ್ತದೆ ಎಂದು ಕೊರಗುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ, ಕೆಡಿಸುವುದು ಕೋನ. ಕೋನವನ್ನು ಕೆಡಿಸುವುದು ಬೆರಳಿನ ಆ ಎರಡೂವರೆ ಕಿಲೋ, ಅದು ನೆಟ್ಟಗೆ ಹಿಂದಕ್ಕೆ ಬರದೆ ಓರೆಯಾಗಿ ಬಂದಾಗ.

ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲನ್ನು ಪಕ್ಕಕ್ಕಿಟ್ಟು ನೋಡಿ. 2016ರಲ್ಲಿ ರಿಯೊಗೆ ಹೋದ ಬೆಂಗಳೂರಿನ ಪ್ರಕಾಶ್ ನಂಜಪ್ಪ, 2024ರಲ್ಲಿ ಪ್ಯಾರಿಸಿನಿಂದ ಕಂಚು ತಂದ ಮನು ಭಾಕರ್ ಹಿಡಿದದ್ದು ಅದನ್ನೇ. ಅದರ ಟ್ರಿಗರಿಗೆ ನಿಯಮ ವಿಧಿಸಿರುವ ಕನಿಷ್ಠ ಭಾರ 500 ಗ್ರಾಂ, ಪಿಸ್ತೂಲಿನ ತೂಕ ಒಂದು ಕಿಲೋ ಆಸುಪಾಸು. ಅಲ್ಲಿ ಬೆರಳಿನ ಬಲ ಪಿಸ್ತೂಲಿನ ತೂಕದ ಅರ್ಧ, ಇಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು. ಹಿಡಿಯನ್ನೂ ಅಲ್ಲಿ ಮರದಲ್ಲಿ ಆಯಾ ಕ್ರೀಡಾಪಟುವಿನ ಅಂಗೈಗೆ ತಕ್ಕಂತೆ ಕೆತ್ತಿ ತೀಡಿರುತ್ತಾರೆ. ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಆಯುಧಕ್ಕೆ ಆ ಸೌಭಾಗ್ಯವಿಲ್ಲ.

ಹಾಗಾದರೆ ನಳಿಗೆಯ ಗುಣಮಟ್ಟಕ್ಕೆ ಬೆಲೆಯಿಲ್ಲವೇ? ಇದೆ, ಆದರೆ ಕೊಳ್ಳುವವರು ಅಂದುಕೊಂಡಷ್ಟಿಲ್ಲ. ಪಿಸ್ತೂಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ಹಾರಿಸುವ ಯಂತ್ರಗಳಿವೆ. ಹಾಗೆ ಹಾರಿಸಿದರೆ ಇವತ್ತಿನ ಯಾವ ಹೆಸರಾಂತ ಕಂಪನಿಯ ಪಿಸ್ತೂಲೂ 25 ಮೀಟರಿನಲ್ಲಿ ತನ್ನ ಗುಂಡುಗಳನ್ನು ಅಂಗೈಯಗಲದೊಳಗೆ ಕೂರಿಸುತ್ತದೆ. ಅಷ್ಟು ಚೊಕ್ಕವಾಗಿ ಹೊಡೆಯುವ ಕೈ ನೂರರಲ್ಲಿ ಒಂದೆರಡು ಇದ್ದೀತು. ಮಿಕ್ಕವರ ಗುಂಡು ಚದುರುವುದಕ್ಕೆ ಪಿಸ್ತೂಲನ್ನು ದೂರುವುದು ಅನ್ಯಾಯ.

ಒದೆತವನ್ನು ದೂರುವುದೂ ಅಷ್ಟೇ. ತೋಟಾ ಸಿಡಿದ ಮೇಲೆ ಗುಂಡು ನಳಿಗೆಯೊಳಗೆ ಇರುವುದು ಒಂದು ಸೆಕೆಂಡಿನ ಸಾವಿರದ ಒಂದಂಶಕ್ಕಿಂತ ಕಡಿಮೆ ಹೊತ್ತು. ಸದ್ದು ಕೇಳಿ ಸ್ನಾಯು ಬೆಚ್ಚಿಬೀಳಲು ಅದರ ಹತ್ತಾರು ಪಟ್ಟು ಸಮಯ ಬೇಕು. ಕೈ ಬೆದರುವುದು ಸದ್ದಿಗೆ ಮೊದಲು, ಸದ್ದು ಬರುತ್ತದೆಂಬ ನಿರೀಕ್ಷೆಯಲ್ಲಿ. ಇದನ್ನು ಹಿಡಿಯಲು ತರಬೇತುದಾರರು ಒಂದು ಉಪಾಯ ಮಾಡುತ್ತಾರೆ. ಮ್ಯಾಗಜೀನಿನಲ್ಲಿ ನಿಜವಾದ ತೋಟಾಗಳ ನಡುವೆ ಒಂದೆರಡು ಹುಸಿ ತೋಟಾ ಸೇರಿಸಿ ಕೊಡುತ್ತಾರೆ. ಹುಸಿಯ ಸರದಿ ಬಂದಾಗ ಟಿಕ್ ಎನ್ನುತ್ತದೆ, ಗುಂಡು ಹೋಗುವುದಿಲ್ಲ, ಆದರೆ ಬಲಗೈಯವರಾದರೆ ಪಿಸ್ತೂಲಿನ ಮೂತಿ ತನ್ನಷ್ಟಕ್ಕೆ ಎಡಕ್ಕೂ ಕೆಳಕ್ಕೂ ಮುಗ್ಗರಿಸುತ್ತದೆ. ಕಾಗದದ ಮೇಲೆ ತೂತುಗಳೆಲ್ಲ ಎಡ ಕೆಳಮೂಲೆಯಲ್ಲಿ ಯಾಕೆ ಬಿದ್ದಿದ್ದವು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಈಗ ಹಿಡಿಯ ವಿಷಯ. ಹಿಡಿಯ ಬೆನ್ನಿನಿಂದ ಟ್ರಿಗರಿಗೆ ಇರುವ ದೂರ ನಿಮ್ಮ ತೋರುಬೆರಳಿಗೆ ಹೊಂದದಿದ್ದರೆ ಬೆರಳು ಟ್ರಿಗರನ್ನು ಓರೆಯಾಗಿ ತಳ್ಳುತ್ತದೆ. ಮೇಲೆ ಹೇಳಿದ ಒಂದು ಮಿಲಿಮೀಟರ್ ಹುಟ್ಟುವುದು ಅಲ್ಲೇ. ಹಿಡಿಯ ಬೆನ್ನಿಗೆ ಬೇರೆ ಬೇರೆ ದಪ್ಪದ ಪಟ್ಟಿ ಬದಲಾಯಿಸುವ ಅನುಕೂಲ ವಾಲ್ಥರ್ ಪಿ99ರಲ್ಲಿ 1990ರ ದಶಕದಲ್ಲೇ ಇತ್ತು, ಗ್ಲಾಕ್ ಅದನ್ನು ಒಪ್ಪಿಕೊಂಡದ್ದು 2010ರಲ್ಲಿ. ಗ್ಲಾಕಿನ ಮೂರನೇ ತಲೆಮಾರಿನಲ್ಲಿ ಹಿಡಿಯ ಮುಂಭಾಗಕ್ಕೆ ಬೆರಳು ಕೂರುವ ತಗ್ಗುಗಳನ್ನು ಕೊಟ್ಟರು. ಯಾರ ಬೆರಳಿಗೆ? ಆ ಅಚ್ಚಿನ ಅಳತೆಗೆ ಒದಗಿದವರಿಗೆ ಸ್ವರ್ಗ, ಉಳಿದವರಿಗೆ ಬೆರಳಿನ ಕೆಳಗೆ ದಿಣ್ಣೆ. 2017ರ ಐದನೇ ತಲೆಮಾರಿನಲ್ಲಿ ಅವನ್ನು ತೆಗೆದುಹಾಕಿದರು. ಇನ್ನು ಹಿಡಿಯ ಓರೆ. ಅಮೆರಿಕದ ಹಳೆಯ 1911 ಪಿಸ್ತೂಲಿಗೆ ಒಗ್ಗಿದವರು ಕಣ್ಣುಮುಚ್ಚಿ ಗ್ಲಾಕ್ ಎತ್ತಿದರೆ ಅದರ ಮೂತಿ ಮೇಲಕ್ಕೆ ನೋಡುತ್ತದೆ. ಗ್ಲಾಕಿನಲ್ಲೇ ಕಲಿತವರಿಗೆ 1911 ನೆಲ ನೋಡುತ್ತದೆ. ಸಹಜವಾಗಿ ಕೂರುತ್ತದೆ ಎಂದು ನಾವು ಹೊಗಳುವುದರಲ್ಲಿ ಅರ್ಧ ನಮ್ಮ ರೂಢಿಯೇ.

ಟ್ರಿಗರ್ ಹಗುರವಾದಷ್ಟೂ ಒಳ್ಳೆಯದು ಎಂಬ ತೀರ್ಮಾನಕ್ಕೆ ಹಾರುವ ಮೊದಲು ನ್ಯೂಯಾರ್ಕ್ ಪೊಲೀಸರನ್ನು ನೆನೆಯಬೇಕು. ಆಕಸ್ಮಿಕ ಗುಂಡು ತಪ್ಪಿಸಲು ಅವರು ತಮ್ಮ ಪಿಸ್ತೂಲುಗಳ ಟ್ರಿಗರನ್ನು 12 ಪೌಂಡಿಗೆ, ಅಂದರೆ ಐದೂವರೆ ಕಿಲೋಗೆ ಏರಿಸಿಕೊಂಡಿದ್ದರು. 2012ರ ಆಗಸ್ಟಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಒಬ್ಬ ಕೊಲೆಗಾರನ ಮೇಲೆ ಇಬ್ಬರು ಪೊಲೀಸರು 16 ಗುಂಡು ಹಾರಿಸಿದರು. ಅವನ ಜೊತೆಗೆ ಒಂಬತ್ತು ಮಂದಿ ದಾರಿಹೋಕರಿಗೂ ಗುಂಡೋ ಅದರ ಚೂರೋ ತಾಗಿತು. ಗಾಬರಿಯೂ ಗಿಜಿಗುಡುವ ಬೀದಿಯೂ ಸೇರಿದ್ದ ಘಟನೆಯನ್ನು ಒಂದು ಸ್ಪ್ರಿಂಗಿನ ತಲೆಗೆ ಕಟ್ಟಲಾಗದು. ಆದರೆ ಭಾರದ ಟ್ರಿಗರ್ ಯಾರನ್ನು ರಕ್ಷಿಸುತ್ತದೆ ಎಂಬ ಚರ್ಚೆ ಅಲ್ಲಿಂದ ಬಿಸಿಯಾಯಿತು.

ತದ್ವಿರುದ್ಧ ಪಾಠ ಸಿಗ್ ಪಿ320ರದು. ಅಮೆರಿಕದ ಸೇನೆ 2017ರ ಜನವರಿಯಲ್ಲಿ ಆರಿಸಿಕೊಂಡದ್ದು ಈ ಕುಟುಂಬದ ಪಿಸ್ತೂಲನ್ನೇ. ಅದೇ ವರ್ಷ, ಅಂಗಡಿಯಲ್ಲಿ ಮಾರುತ್ತಿದ್ದ ಪಿ320 ಒಂದು ನಿರ್ದಿಷ್ಟ ಕೋನದಲ್ಲಿ ಬೆನ್ನಡಿಯಾಗಿ ಬಿದ್ದರೆ ತಾನೇ ಗುಂಡು ಹಾರಿಸಬಲ್ಲದು ಎಂದು ಬಯಲಾಯಿತು. ಕಾರಣ ನ್ಯೂಟನ್ನನದು. ನೆಲಕ್ಕೆ ಬಡಿದ ಪಿಸ್ತೂಲು ಗಕ್ಕನೆ ನಿಲ್ಲುತ್ತದೆ, ಟ್ರಿಗರಿಗೆ ತನ್ನದೇ ತೂಕವಿರುವುದರಿಂದ ಅದು ಹಿಂದಕ್ಕೆ ಚಲಿಸುತ್ತಲೇ ಇರುತ್ತದೆ, ಬೆರಳು ಎಳೆದಂತೆಯೇ. ಕಂಪನಿ ಆಗಸ್ಟಿನಲ್ಲಿ ಉಚಿತವಾಗಿ ಬದಲಿಸಿಕೊಡಲು ಮುಂದಾದ ಭಾಗಗಳಲ್ಲಿ ಮುಖ್ಯವಾದದ್ದು ತೂಕದಲ್ಲಿ ಇನ್ನೂ ಹಗುರವಾದ ಟ್ರಿಗರ್. ಟ್ರಿಗರ್ ಹೀಗೆ ತಾನಾಗಿ ಸರಿಯದಿರಲೆಂದು ಗ್ಲಾಕಿನ ಟ್ರಿಗರಿನ ನಡುವೆ ಒಂದು ಪುಟ್ಟ ನಾಲಿಗೆಯಿದೆ, ಅದನ್ನು ಒತ್ತದ ಹೊರತು ಟ್ರಿಗರ್ ಹಿಂದೆ ಸರಿಯದು. ಅಂಗಡಿಯಲ್ಲಿ ಕೆಲವರು ಮೂಗು ಮುರಿಯುವುದು ಆ ನಾಲಿಗೆ ಬೆರಳಿಗೆ ಚುಚ್ಚುತ್ತದೆಂದೇ.

ಅಮೆರಿಕದ ಎಷ್ಟೋ ಫೈರಿಂಗ್ ರೇಂಜ್‌ಗಳಲ್ಲಿ ಪಿಸ್ತೂಲುಗಳು ಬಾಡಿಗೆಗೆ ಸಿಗುತ್ತವೆ. ಕಪಾಟಿನ ಮುಂದೆ ನಿಂತು ಟಿಕ್ ಟಿಕ್ ಎನಿಸುವುದಕ್ಕಿಂತ ನಾಲ್ಕು ಮಾದರಿಗಳನ್ನು ಹುಸಿ ತೋಟಾ ಬೆರೆಸಿ ಹಾರಿಸಿ ನೋಡುವುದು ವಾಸಿ. ತೂತುಗಳು ಒತ್ತಾಗಿ ಒಂದೇ ಪಕ್ಕದಲ್ಲಿ ಕೂತರೆ ಹಿಡಿಯ ಅಳತೆಯನ್ನೋ ಬೆರಳಿನ ಜಾಗವನ್ನೋ ಗುರಿಕಡ್ಡಿಯನ್ನೋ ನೋಡಬೇಕು, ಎಲ್ಲೆಂದರಲ್ಲಿ ಚದುರಿದರೆ ಅಭ್ಯಾಸವನ್ನು. ಮತ್ತೊಂದು ಸಂಗತಿ ಹಿಡಿದು ನೋಡುವಾಗ ಗೊತ್ತಾಗುವುದೇ ಇಲ್ಲ: ಒರೆಸಲು ಗ್ಲಾಕನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೆಯಲೇಬೇಕು. ನಳಿಗೆಯಲ್ಲಿ ತೋಟಾ ಉಳಿದದ್ದನ್ನು ನೋಡದೆ ಎಳೆದು ಅಂಗೈ ತೂತು ಮಾಡಿಕೊಂಡವರಿದ್ದಾರೆ. ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿಯನ್ನೂ ಸಿಗ್ ಪಿ320ಯನ್ನೂ ಟ್ರಿಗರ್ ಮುಟ್ಟದೆಯೇ ಬಿಚ್ಚಬಹುದು.