ನಂದಿಯ ತಪ್ಪಲಲ್ಲಿ ಫ್ರೆಂಚ್ ಬಳ್ಳಿ

ಯಲಹಂಕದ ಸಂತೆಯಲ್ಲಿ ಬುಟ್ಟಿಗಟ್ಟಲೆ ಬರುವ ಕಪ್ಪು ದ್ರಾಕ್ಷಿಯನ್ನು ತಾವೆಲ್ಲ ಬಲ್ಲಿರಿ. ಅದು ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು. ಆದರೂ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಲ್ಲಿ, ಕನ್ವಲ್ ಗ್ರೋವರರು 1988ರಲ್ಲಿ ಆರಂಭಿಸಿದ ವೈನ್ ತೋಟಕ್ಕೆ ಫ್ರಾನ್ಸಿನ ಬಳ್ಳಿಯೇ ಬೇಕಾಯಿತು. ಏಕೆ?

ಫ್ರೆಂಚರ ಊಟದ ಕೆಂಪು ವೈನು ಸಿಹಿಯಲ್ಲ. ರಸದ ಸಕ್ಕರೆಯನ್ನೆಲ್ಲ ಹುದುಗು ಮದ್ಯಸಾರವಾಗಿಸುತ್ತದೆ. ಉಳಿಯುವುದು ಹುಳಿ, ಪರಿಮಳ, ಸಿಪ್ಪೆ ಬೀಜಗಳಿಂದ ಇಳಿದ ಒಗರು. ಎಳೆಯ ಅಡಕೆ ಅಗಿದಾಗ ನಾಲಿಗೆ ಹಿಡಿಯುತ್ತದಲ್ಲ, ಅಂಥದು. ಸಿಹಿಯ ಮರೆ ಇಲ್ಲದಿದ್ದರೆ ನಮ್ಮ ನೀಲಿಯ ಕಸ್ತೂರಿಯಂಥ ವಾಸನೆ ಅತಿಯಾಗುತ್ತದೆ. ಷರಬತ್ತಿಗೆ, ಜಾಮಿಗೆ ಅದೇ ಸೊಗಸು, ಆ ಮಾತು ಬೇರೆ.

ಈ ತೋಟದ ಹೆಸರಾಂತ ‘ಲಾ ರಿಸರ್ವ್’ ಎರಡು ದ್ರಾಕ್ಷಿಗಳ ಬೆರಕೆ. ಕ್ಯಾಬರ್ನೆ ಸೋವಿನ್ಯೋಂ ಬೋರ್ಡೋ ಸೀಮೆಯದು. ಬಿಗಿಯೂ ಒಗರೂ ಅದರ ಕೊಡುಗೆ. ಶಿರಾಜ್, ಹೆಸರು ಪಾರಸಿಯಂತೆ ಕೇಳಿಸಿದರೂ, ರೋನ್ ನದಿಯ ಕಣಿವೆಯದು. ತುಂಬು ಮೈ, ಕರಿಮೆಣಸಿನ ಘಮ. ಬೋರ್ಡೋವಿನಲ್ಲಿ ಕ್ಯಾಬರ್ನೆಯ ವಾಡಿಕೆಯ ಜೊತೆಗಾರ ಮೆರ್ಲೋ. ಶಿರಾಜಿನೊಡನೆ ಅದನ್ನು ಕೂಡಿಸಿ ಹೆಸರು ಮಾಡಿದವರು ಆಸ್ಟ್ರೇಲಿಯದವರು. ಆದರೆ ನಂದಿಯ ಈ ಬೆರಕೆಗೆ ಸಲಹೆ ಕೊಟ್ಟ ಮಿಶೆಲ್ ರೋಲಾಂ ಬೋರ್ಡೋವಿನವರೇ.

ಫ್ರಾನ್ಸಿನ ಚಳಿಗೆ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯಿಲ್ಲ. ಆದ್ದರಿಂದ ವರ್ಷಕ್ಕೆರಡು ಸಲ ಸವರಿ, ಮಳೆ ಕಳೆದ ಮೇಲೆ ಕಾಯಿ ಮಾಗುವಂತೆ ನೋಡಿಕೊಂಡು, ಬೇಸಗೆಯ ಮೊದಲಿಗೆ ಗೊನೆ ಕೊಯ್ಯುತ್ತಾರೆ.